ಎರಡನೇ ಭಾನುವಾರದ ಹಾಜರಿ

ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಹುಡುಗನಿಗೆ ಏನು ಕೆಲಸ ಅಂತ ಕೇಳಿದರೆ ಮೂರೇ ಅಕ್ಷರದಲ್ಲಿ ಉತ್ತರ ಮುಗಿಯುತ್ತಿತ್ತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್. ಹೆಣ್ಣಿನ ಕಡೆಯವರು ಮುಂದೇನೂ ಕೇಳದೆ ಕಾಫಿ ತರಲು ಒಳಗೆ ಹೋಗುತ್ತಿದ್ದರು. 1940ರಲ್ಲಿ ಎಚ್‌ಎಎಲ್ ಶುರುವಾಯಿತು. 1964ರ ಹೊತ್ತಿಗೆ ಬಿಇಎಂಎಲ್ ಕೂಡ ಬಂತು. ಅಷ್ಟರೊಳಗೆ ಊರಿನ ಸುತ್ತ ಸೈರನ್‌ಗಳ ಬೇಲಿಯೇ ಎದ್ದಿತ್ತು. ಕಾರ್ಖಾನೆಗಳ ಹೆಸರಿನಲ್ಲೇ ಬಡಾವಣೆಗಳಾದವು. ಈಗ ಅವುಗಳಲ್ಲಿ ಕೆಲವು ಚೆನ್ನಾಗಿ ನಡೆಯುತ್ತಿವೆ, ಕೆಲವು ಏದುಸಿರು ಬಿಡುತ್ತಿವೆ, ಎಚ್‌ಎಂಟಿಯ ವಾಚ್ ಕಾರ್ಖಾನೆಗೆ 2016ರಲ್ಲಿ ಸರ್ಕಾರವೇ ಬಾಗಿಲು ಹಾಕಿಸಿತು. ನಿವೃತ್ತರ ಉತ್ಪಾದನೆ ಮಾತ್ರ ಎಲ್ಲೂ ಕುಂಠಿತವಾಗಿಲ್ಲ. ಬೆಳಿಗ್ಗೆ ಆ ಬಡಾವಣೆಗಳ ಯಾವ ಪಾರ್ಕಿಗಾದರೂ ಹೋಗಿ ನೋಡಿ.

ನಾನೂ ಅಂಥದೊಂದು ಕಾರ್ಖಾನೆಯವಳು. ಹೆಸರು ಬೇಡ. ಹೇಳಿದರೆ ನಮ್ಮ ನಿವೃತ್ತರ ಸಂಘದ ಕಾರ್ಯದರ್ಶಿಗಳು ಇದನ್ನೂ ಮುಂದಿನ ಸಭೆಯ ಅಜೆಂಡಾಗೆ ಹಾಕಿಬಿಡುತ್ತಾರೆ. ನನ್ನದು ಅಸೆಂಬ್ಲಿ ವಿಭಾಗ. ಚಿಮಟದಲ್ಲಿ ಸಣ್ಣ ಸಣ್ಣ ಬಿಡಿಭಾಗ ಹಿಡಿದು ಕೂರಿಸುವ ಕೆಲಸ. ಹೆಣ್ಣುಮಕ್ಕಳ ಕೈ ಹಗುರ ಅಂತ ಸಾಲುಸಾಲಾಗಿ ನಮ್ಮನ್ನೇ ತೆಗೆದುಕೊಂಡಿದ್ದರು. ಆಗ ನಮಗೆ ಬಿದ್ದ ಹೆಸರು ‘ಅಸೆಂಬ್ಲಿ ಹುಡುಗೀರು’. ಸಂಘದಲ್ಲಿ ಇವತ್ತಿಗೂ ಅದೇ ಹೆಸರು. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳಿಗೆ ಅರವತ್ಮೂರು. ಅರ್ಧಕ್ಕರ್ಧ ಜನಕ್ಕೆ ಮಂಡಿ ಆಪರೇಷನ್ ಆಗಿದೆ. ಆದರೂ ಅಧ್ಯಕ್ಷರು ಮೈಕ್ ಹಿಡಿದು, "ಹುಡುಗೀರು ಬಂದ್ರಾ? ಹಾಗಾದ್ರೆ ಪ್ರಾರ್ಥನೆ ಶುರುಮಾಡಿ" ಅನ್ನುತ್ತಾರೆ. ನಾವು ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಎದ್ದು ನಿಲ್ಲುವುದರೊಳಗೆ ಅವರಿಗೆ ಎರಡು ಪ್ರಕಟಣೆ ಓದುವಷ್ಟು ಸಮಯ ಸಿಗುತ್ತದೆ.

ಸಭೆ ಪ್ರತಿ ತಿಂಗಳ ಎರಡನೇ ಭಾನುವಾರ, ದೇವಸ್ಥಾನದ ಮೇಲಿನ ಹಾಲ್‌ನಲ್ಲಿ, ಹತ್ತೂವರೆಗೆ. ಫಸ್ಟ್ ಶಿಫ್ಟ್‌ನವರು ಎಂಟಕ್ಕೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಜನರಲ್ ಶಿಫ್ಟ್‌ನವರು ಸರಿಯಾಗಿ ಹತ್ತೂವರೆಗೆ. ಆಫೀಸರ್‌ಗಳು ಹನ್ನೊಂದಕ್ಕೆ, ಟ್ರಾಫಿಕ್ ಬೈದುಕೊಂಡು. ಸೆಕೆಂಡ್ ಶಿಫ್ಟ್‌ನಲ್ಲೇ ಕಾಲ ಹಾಕಿದವರು ನೆಟ್ಟಗೆ ಊಟದ ಹೊತ್ತಿಗೆ. ಟೈಮ್ ಆಫೀಸಿನಲ್ಲಿದ್ದ ಒಬ್ಬರು ಬಾಗಿಲಲ್ಲಿ ರಿಜಿಸ್ಟರ್ ಹಿಡಿದು ಕೂತಿರುತ್ತಾರೆ. ಹೆಸರು ಕೇಳುವುದಿಲ್ಲ. "ನಂಬರ್?" ಅನ್ನುತ್ತಾರೆ. ಹೆಂಡತಿಯ ಮೊಬೈಲ್ ನಂಬರ್ ಬಾಯಿಗೆ ಬಾರದವರು ಕೂಡ ಸ್ಟಾಫ್ ನಂಬರ್ ಗಡಗಡ ಹೇಳುತ್ತಾರೆ. ನಮ್ಮ ಮನೆಯವರು ಬ್ಯಾಂಕಿನಲ್ಲಿದ್ದವರು. "ಸಂಬಳ ಕೊಡುವಾಗ ಹಾಜರಿ ತಪ್ಪಿಸ್ತಿದ್ದೋರು ಈಗ ಆಜೀವ ಸದಸ್ಯತ್ವ ಕಟ್ಟಿ ಹಾಜರಿ ಹಾಕಿಸ್ಕೋತೀರಲ್ಲ" ಅಂತ ನಗುತ್ತಾರೆ. ನಗಲಿ ಬಿಡಿ. ಅವರ ಬ್ಯಾಂಕಿನವರು ವರ್ಷಕ್ಕೊಮ್ಮೆ ಸ್ಟಾರ್ ಹೋಟೆಲ್‌ನಲ್ಲಿ ಸೇರಿ, ಒಬ್ಬರಿಗೊಬ್ಬರು "ಹೇಗಿದ್ದೀರಿ" ಅಂತ ಕೇಳಿ ಮನೆಗೆ ಬರುತ್ತಾರೆ. ಅದೂ ಒಂದು ಸಂಘವೇ? ಒಂದು ಜಗಳ ಇಲ್ಲ, ಏನಿಲ್ಲ.

ನಮ್ಮಲ್ಲಿ ಹಾಗಲ್ಲ. ಹಳೇ ಲೆಕ್ಕ ಯಾವುದೂ ಚುಕ್ತಾ ಆಗಿಲ್ಲ. ಅದಕ್ಕೇ ಎಲ್ಲರೂ ಮತ್ತೆ ಮತ್ತೆ ಬರುತ್ತಾರೆ ಅಂತ ನನ್ನ ಅನುಮಾನ.

ಸಂಘದಲ್ಲಿ ನಾಗರಾಜ್ ಅನ್ನುವವರೇ ಏಳು ಜನ. ಇನಿಷಿಯಲ್ ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಟೂಲ್ ರೂಮ್ ನಾಗರಾಜ್, ಪ್ಲೇಟಿಂಗ್ ನಾಗರಾಜ್, ಕ್ಯಾಂಟೀನ್ ನಾಗರಾಜ್, ಹೀಗೆ ವಿಭಾಗದ ಮೇಲೇ ಗುರುತು. ಮಗನ ಮದುವೆಯ ಲಗ್ನಪತ್ರಿಕೆಯಲ್ಲೂ ಬ್ರಾಕೆಟ್‌ನಲ್ಲಿ ‘ಪ್ಲೇಟಿಂಗ್’ ಅಂತ ಅಚ್ಚು ಹಾಕಿಸಿದ ಪುಣ್ಯಾತ್ಮರು ಅವರು. ಬೀಗರ ಕಡೆಯವರು ಅದು ಮನೆತನದ ಹೆಸರಿರಬೇಕು ಅಂದುಕೊಂಡಿದ್ದರಂತೆ.

ಎಪ್ಪತ್ತೈದು ತುಂಬಿದವರಿಗೆ ಸಂಘದಿಂದ ಸನ್ಮಾನ ಇರುತ್ತದೆ. ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ. ಪ್ಲೇಟಿಂಗ್ ನಾಗರಾಜ್ ಅವರ ಸರದಿಯೂ ಬಂತು, ಸನ್ಮಾನ ಚೆನ್ನಾಗೇ ಆಯಿತು. ಸಂಜೆ ನಮ್ಮ ಜಂಟಿ ಕಾರ್ಯದರ್ಶಿಗಳು ಫೋಟೋ ವಾಟ್ಸಾಪ್ ಗುಂಪಿಗೆ ಹಾಕಿದರು. ಅವರು ಡ್ರಾಯಿಂಗ್ ಆಫೀಸಿನವರು, ಎಲ್ಲದರಲ್ಲೂ ಅಚ್ಚುಕಟ್ಟು. ಫೋಟೋದಲ್ಲಿ ಅಕ್ಕಪಕ್ಕದವರನ್ನು ಕತ್ತರಿಸಿದರು. ಕುರ್ಚಿ ಕತ್ತರಿಸಿದರು. ಹಣ್ಣಿನ ಬುಟ್ಟಿ ಹೋಯಿತು, ಪೇಟವೂ ಹೋಯಿತು. ಉಳಿದದ್ದು ಮುಖ ಮತ್ತು ಗಂಧದ ಹಾರ. ಕೆಳಗೆ ಹುಟ್ಟಿದ ತಾರೀಖು, ಒಂದು ಗೆರೆ, ಅವತ್ತಿನ ತಾರೀಖು.

ಮೊದಲ ‘ಓಂ ಶಾಂತಿ’ ಬರಲು ಒಂದು ನಿಮಿಷವೂ ಆಗಲಿಲ್ಲ. ಆಮೇಲೆ ಕೈಮುಗಿದ ಚಿತ್ರಗಳ ಸುರಿಮಳೆ. "ಬೆಳಿಗ್ಗೆ ತಾನೇ ಜತೆಗೆ ಕೇಸರಿಬಾತ್ ತಿಂದ್ವಲ್ಲ" ಅಂತ ಒಬ್ಬರು. "ಅದೇ ನೋಡಿ, ಶುಗರ್ ಇದ್ದೋರು ಎರಡೆರಡು ಸಲ ಹಾಕಿಸ್ಕೋಬಾರದು" ಅಂತ ಇನ್ನೊಬ್ಬರು. ಟೂಲ್ ರೂಮ್ ನಾಗರಾಜ್ ಮನೆಗೆ ಇಬ್ಬರು ಅಳುತ್ತಾ ಫೋನ್ ಮಾಡಿದರು. ಅವರೇ ಫೋನ್ ಎತ್ತಿದ್ದಕ್ಕೆ ಬೈಗುಳವೂ ತಿಂದರು. ಇದರ ನಡುವೆ ರಾತ್ರಿ ಒಂಬತ್ತರ ಸುಮಾರಿಗೆ ಸಾಕ್ಷಾತ್ ಪ್ಲೇಟಿಂಗ್ ನಾಗರಾಜ್ ಅವರೇ ಗುಂಪಿಗೆ ಬಂದರು. ಕನ್ನಡಕ ಕೈಗೆ ಸಿಕ್ಕಿರಲಿಲ್ಲವಂತೆ. ಹತ್ತಾರು ಜನ ಹಾಕಿದ್ದನ್ನು ಕಂಡು ತಾವೂ ‘ಓಂ ಶಾಂತಿ, ಒಳ್ಳೆಯ ಮನುಷ್ಯ’ ಅಂತ ಹಾಕಿ ಮಲಗಿಬಿಟ್ಟರು.

ಬೆಳಿಗ್ಗೆ ವಿಷಯ ತಿಳಿದಾಗ ಅವರಿಗೆ ಸಿಟ್ಟು ಬರಲೇ ಇಲ್ಲ. ಮೊಮ್ಮಗಳಿಂದ ಅಷ್ಟೂ ಸಂದೇಶಗಳನ್ನು ಪ್ರಿಂಟ್ ತೆಗೆಸಿದರು. ಅದರಲ್ಲಿ ಎಲ್ಲಕ್ಕಿಂತ ಉದ್ದದ್ದು, ಎಲ್ಲಕ್ಕಿಂತ ಚೆಂದದ್ದು ಅವರ ಹಳೇ ಫೋರ್‌ಮನ್ ಬರೆದದ್ದು. ಇಪ್ಪತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡದೆ ಒಂದೇ ಶಾಪ್‌ನಲ್ಲಿ ಕೆಲಸ ಮಾಡಿದವರು ಇವರಿಬ್ಬರು. ಮುಂದಿನ ಸಭೆಯಲ್ಲಿ ನಾಗರಾಜ್ ಆ ಹಾಳೆ ಹಿಡಿದು ಫೋರ್‌ಮನ್ ಎದುರು ನಿಂತರು. "ಸಾರ್, ಇದನ್ನ ಒಂದ್ಸಲ ಮೈಕ್‌ನಲ್ಲಿ ಓದಿಬಿಡಿ."

ಫೋರ್‌ಮನ್ ಹಾಳೆ ವಾಪಸ್ ಕೊಟ್ಟರು. "ಅದು ಸತ್ತೋನಿಗೆ ಬರೆದಿದ್ದು ಕಣಯ್ಯ. ಬದುಕಿರೋನಿಗೆ ಅಷ್ಟೆಲ್ಲ ಸ್ಯಾಂಕ್ಷನ್ ಮಾಡೋಕಾಗಲ್ಲ."

ಬದುಕಿದ್ದೇವೆ ಅಂತ ಸಾಬೀತು ಮಾಡುವ ಕಷ್ಟ ನಾಗರಾಜ್ ಒಬ್ಬರದೇ ಅಲ್ಲ. ನಮ್ಮದು 1995ರ ಇಪಿಎಸ್, ಅಂದರೆ ನೌಕರರ ಪಿಂಚಣಿ ಯೋಜನೆಯ ಪಿಂಚಣಿ. ಅದರ ಕನಿಷ್ಠ ಮೊತ್ತ ತಿಂಗಳಿಗೆ 1000 ರೂಪಾಯಿ, 2014ರಲ್ಲಿ ನಿಗದಿಯಾದದ್ದು. ನಮಗೆಲ್ಲ ಅದಕ್ಕಿಂತ ಒಂಚೂರು ಜಾಸ್ತಿ ಬರುತ್ತದೆ. ಮೊಮ್ಮಕ್ಕಳು ಪಿಜ್ಜಾ ಕೇಳದಿದ್ದರೆ ತಿಂಗಳ ಹಾಲಿನ ಬಿಲ್ ಹೇಗೋ ಕಳೆಯುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಕೊಡಬೇಕು. ಇಪಿಎಸ್‌ನವರು ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಹೇಳಿದರೆ ಯಾರು ಕೇಳುತ್ತಾರೆ? ನವೆಂಬರ್ ಅಂದರೆ ನವೆಂಬರ್. ಬೇರೆ ತಿಂಗಳಲ್ಲಿ ಬದುಕಿರುವುದಕ್ಕೆ ನಮ್ಮವರಿಗೆ ನಂಬಿಕೆ ಸಾಲದು.

ಸಂಘದವರು ಹಾಲ್‌ನಲ್ಲೇ ಶಿಬಿರ ಇಡುತ್ತಾರೆ. ಮೊದಲೆಲ್ಲ ಬೆರಳಚ್ಚು. ಆಸಿಡ್, ಎಣ್ಣೆ, ಅರ, ಸಾಲ್ಡರಿಂಗ್ ಅಂತ ಜೀವಮಾನ ಸವೆಸಿದ ಬೆರಳುಗಳು. ಯಂತ್ರಕ್ಕೆ ಒಂದು ಗೆರೆಯೂ ಕಾಣುತ್ತಿರಲಿಲ್ಲ. ಹತ್ತೂ ಬೆರಳು ಒತ್ತಿಸಿಕೊಂಡು ಕೊನೆಗೆ ಕೆಂಪು ದೀಪ ತೋರಿಸುತ್ತಿತ್ತು. ಈಗ ಮುಖ ತೋರಿಸಿದರೆ ಸಾಕು, ಮೊಬೈಲ್ ಆ್ಯಪ್ ಹಿಡಿದುಕೊಳ್ಳುತ್ತದೆ. ಆದರೆ ಅದು ಕಣ್ಣು ಮಿಟುಕಿಸಿ ಅನ್ನುತ್ತದೆ. ಫೋಟೋ ತೋರಿಸಿ ಯಾರೂ ಮೋಸ ಮಾಡಬಾರದಲ್ವಾ, ಅದಕ್ಕೆ. ನಮ್ಮ ಹುಡುಗೀರಲ್ಲಿ ಒಬ್ಬಳಿಗೆ ಹಿಂದಿನ ವಾರ ತಾನೇ ಪೊರೆ ಆಪರೇಷನ್ ಆಗಿತ್ತು. ಪಾಪ, ಅವಳು ಮಿಟುಕಿಸಿದ್ದು ಒಂದೇ ಕಣ್ಣು. ಆ್ಯಪ್ ಒಪ್ಪಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ ಅಂತ ಅವಳು ಮಿಟುಕಿಸುತ್ತಲೇ ಹೋದಳು. ಮೊಬೈಲ್ ಹಿಡಿದು ಎದುರಿಗೆ ಕೂತವರು ಪರ್ಚೇಸ್ ಸೆಕ್ಷನ್‌ನ ಸಾರ್, ತುಂಬಾ ಸಂಕೋಚದ ಸ್ವಭಾವ. ಸ್ವಲ್ಪ ಹೊತ್ತಿನ ಮೇಲೆ ಮೊಬೈಲ್ ಪಕ್ಕದವರಿಗೆ ಕೊಟ್ಟು ನೀರು ಕುಡಿಯಲು ಹೋದವರು ಆ ದಿನ ಮತ್ತೆ ಕಾಣಿಸಲಿಲ್ಲ.

ವಾರ್ಷಿಕ ಮಹಾಸಭೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಅದನ್ನು ನಡೆಸಲೇಬೇಕು, ನಡೆಸುತ್ತೇವೆ. ಗಮ್ಮತ್ತು ಇರುವುದು ಬೇರೆ ಕಡೆ. ನಮ್ಮ ಖಜಾಂಚಿಗಳು ಹಳೇ ಯೂನಿಯನ್ ಲೀಡರ್. 1980ರ ಡಿಸೆಂಬರ್ ಕೊನೆಗೆ ಶುರುವಾಗಿ 77 ದಿನ ನಡೆದ ಸಾರ್ವಜನಿಕ ವಲಯದ ಮುಷ್ಕರದಲ್ಲಿ ಗೇಟಿನ ಮುಂದೆ ಭಾಷಣ ಮಾಡಿ ಗಂಟಲು ಕಳೆದುಕೊಂಡವರು. ಈಗ ದುಡ್ಡಿನ ಬೀಗದಕೈ ಅವರ ಹತ್ತಿರ ಇದೆ. "ಸಂಪನ್ಮೂಲ ಇಲ್ಲ, ಪರಿಶೀಲಿಸಲಾಗುವುದು" ಅನ್ನುತ್ತಾರೆ, ಥೇಟ್ ಮ್ಯಾನೇಜ್‌ಮೆಂಟ್ ಧಾಟಿಯಲ್ಲೇ. ಆಗ ನಮ್ಮ ಬೇಡಿಕೆಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದ್ದ ಪರ್ಸನಲ್ ಮ್ಯಾನೇಜರ್ ಸಾಹೇಬರೇ ಈಗ ವಿರೋಧ ಪಕ್ಷದ ನಾಯಕರು. ಬಿಸಿಬೇಳೆಬಾತ್‌ಗೆ ಗೋಡಂಬಿ ಹೆಚ್ಚಿಸಬೇಕು ಅಂತ ಲಿಖಿತ ಬೇಡಿಕೆ ಸಲ್ಲಿಸಿದ್ದಾರೆ. ಹೋದ ಸಲ ಧರಣಿ ಕೂರುವ ಮಾತೂ ಬಂತು. ನೆಲದ ಮೇಲೆ ಕೂತರೆ ಏಳಿಸುವವರು ಯಾರು ಅನ್ನುವ ಪ್ರಶ್ನೆ ಎದ್ದು ಅದು ಅಲ್ಲಿಗೇ ನಿಂತಿತು.

ಜನವರಿಯಲ್ಲಿ ಸೋಮನಾಥಪುರ, ತಲಕಾಡಿಗೆ ಒಂದು ದಿನದ ಪ್ರವಾಸ ಇಟ್ಟರು. ಸೀಟಿನ ಪಟ್ಟಿಯಿಂದಲೇ ರಾಮಾಯಣ ಶುರು. ಕಂಪನಿ ಬಸ್ಸಿನಲ್ಲಿ ಯಾರು ಎಲ್ಲಿ ಕೂರುತ್ತಿದ್ದರೋ ಅಲ್ಲೇ ಕೂರಬೇಕು ಅಂತ ಪ್ರತಿಯೊಬ್ಬರ ಹಟ. ಆದರೆ ಆಗ ಬಸ್ಸುಗಳು ಬೇರೆ ಬೇರೆ ರೂಟಿನವು. ಮೂರನೇ ಸಾಲಿನ ಕಿಟಕಿ ಸೀಟಿಗೆ ಹಕ್ಕುದಾರರು ಐದು ಜನ! ಯಶವಂತಪುರ ರೂಟಿನವರು ಹೆಚ್ಚೋ ಜಯನಗರ ರೂಟಿನವರು ಹೆಚ್ಚೋ ಅನ್ನುವ ವಾದ ಕೆಂಗೇರಿ ದಾಟುವವರೆಗೂ ನಡೆಯಿತು.

ಹಿಂದಿನ ಸೀಟುಗಳು ಮಾತ್ರ ಯಾರ ತಕರಾರೂ ಇಲ್ಲದೆ ನಮ್ಮವು. ಕಂಪನಿ ಬಸ್ಸು ನಮಗೆ ಬರೀ ಬಸ್ಸಾಗಿರಲಿಲ್ಲ ನೋಡಿ. ಚೀಟಿ ನಡೆಸಿದ್ದು, ಕಂತಿನ ಮೇಲೆ ಸೀರೆ ಕೊಂಡದ್ದು, ಸ್ವೆಟರ್ ಹೆಣೆದದ್ದು, ಮಗಳಿಗೆ ಗಂಡು ಗೊತ್ತುಮಾಡಿದ್ದು ಎಲ್ಲ ಅದರಲ್ಲೇ. ಅವರೆಕಾಯಿ ಕಾಲದಲ್ಲಂತೂ ಮನೆ ಸೇರುವಷ್ಟರಲ್ಲಿ ರಾತ್ರಿ ಸಾರಿಗೆ ಕಾಳು ತಯಾರು. ಆ ನೆನಪಿಗೆ ಒಬ್ಬಳು ಐದು ಕೆಜಿ ಸೊಗಡಿನ ಅವರೆಕಾಯಿ ತಂದೇಬಿಟ್ಟಿದ್ದಳು. ಮದ್ದೂರು ಬರುವಷ್ಟರಲ್ಲಿ ಮುಗಿಸಿದೆವು. ಸಿಪ್ಪೆಯನ್ನೆಲ್ಲ ಒಂದು ಚೀಲದಲ್ಲಿ ತುಂಬಿ ಸೀಟಿನ ಪಕ್ಕ ಇಟ್ಟೆವು. ಬಸ್ಸು ಒಂದು ಹಂಪ್ ಹಾರಿತು. ಚೀಲ ಮಗುಚಿಕೊಂಡಿತು. ಸಿಪ್ಪೆ ಮುಂದೆ ಮುಂದೆ ಜಾರುತ್ತಾ ಹೋಗಿ ಆಫೀಸರ್‌ಗಳ ಸೀಟು ತಲುಪಿತು. "ಹೌಸ್‌ಕೀಪಿಂಗ್ ಸರಿ ಇಲ್ಲ" ಅಂತ ಅಲ್ಲಿಂದ ದನಿ ಬಂತು. ನಿವೃತ್ತಿಯಾದ ಮೇಲೆ ಸಿಕ್ಕ ಮೊದಲ ಮೆಮೋ ಅದು.

ಸೋಮನಾಥಪುರದ ಕೇಶವ ದೇವಾಲಯ 13ನೇ ಶತಮಾನದ್ದು. ಬೇಲೂರು, ಹಳೇಬೀಡಿನ ಜತೆ 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಗೈಡ್ ಹುಡುಗ ಉತ್ಸಾಹದಿಂದ ಹೇಳುತ್ತಿದ್ದ. ಒಳಗಿನ ಕಂಬಗಳ ಹತ್ತಿರ ಬಂದು, ಇವನ್ನು ಲೇಥ್‌ನಲ್ಲಿ ತಿರುಗಿಸಿದ ಹಾಗೆ ದುಂಡಗೆ ಕಡೆದಿದ್ದಾರೆ ಅಂದ. ಅಷ್ಟು ಅಂದದ್ದೇ ತಡ. ಟೂಲ್ ರೂಮಿನವರೆಲ್ಲ ಕಂಬ ಸುತ್ತುವರಿದರು.

"ಇಷ್ಟು ತೂಕದ ಜಾಬ್‌ನ ಅಡ್ಡ ಹಾಕಿದ್ರೋ ನಿಲ್ಲಿಸಿದ್ರೋ?"

"ನಿಲ್ಲಿಸಿಯೇ ಇರಬೇಕು. ಅಡ್ಡ ಹಾಕಿದ್ರೆ ನಡುವೆ ಬಾಗಲ್ವಾ?"

"ಬಳಪದ ಕಲ್ಲು ಸಾರ್, ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಆಮೇಲೆ ಗಟ್ಟಿಯಾಗುತ್ತೆ" ಅಂತ ಗೈಡ್ ಏನೋ ಹೇಳಲು ಹೋದ. ಯಾರು ಕೇಳಬೇಕು? ಇನ್‌ಸ್ಪೆಕ್ಷನ್ ಸಾರ್ ಕಂಬಕ್ಕೆ ಬೆನ್ನು ಬಗ್ಗಿಸಿ, ಒಂದು ಕಣ್ಣು ಮುಚ್ಚಿ ಕೆಳಗಿನಿಂದ ಮೇಲಕ್ಕೆ ನೋಡಿದರು. ಮತ್ತೆ ಸುತ್ತ ಬಂದು ನೋಡಿದರು. ನಾವು ಉಸಿರು ಬಿಗಿಹಿಡಿದು ನಿಂತೆವು. ಸರ್ವಿಸ್‌ನಲ್ಲಿ ಅವರು ಒಂದೇ ಸಲಕ್ಕೆ ಯಾವುದನ್ನೂ ಪಾಸ್ ಮಾಡಿದವರಲ್ಲ.

"ಪಾಸ್" ಅಂದರು. ಟೂಲ್ ರೂಮಿನವರಿಗೆ ಮುಖ ಸಪ್ಪಗಾಯಿತು. "ಸಾರ್, ನಮ್ಮ ಜಾಬ್ ಒಂದನ್ನೂ ಹೀಗೆ ಬಿಡಲಿಲ್ವಲ್ಲ ನೀವು" ಅಂತ ಒಬ್ಬರು. "ನೀವು ಹೀಗೆ ಮಾಡಲಿಲ್ವಲ್ಲ" ಅಂತ ಇವರು. ತಲಕಾಡಿನ ಮರಳಿನಲ್ಲಿ ನಡೆಯುವಾಗಲೂ ಇಬ್ಬರೂ ಮಾತಾಡಲಿಲ್ಲ.

ವಾಪಸ್ ಬರುವಾಗ ರಾತ್ರಿಯಾಯಿತು. ಎಲ್ಲೆಲ್ಲಿ ಇಳಿಸಬೇಕು ಅಂತ ಡ್ರೈವರ್ ಕೇಳಿದ, ಚಿಕ್ಕ ಹುಡುಗ. ನಮ್ಮವರು ಹಳೇ ಸ್ಟಾಪ್‌ಗಳನ್ನೇ ಹೇಳಿದರು. ಒಬ್ಬರು ಕಪಾಲಿ ಟಾಕೀಸ್ ಅಂದರು. ಆ ಟಾಕೀಸ್ ಒಡೆದು ಎಷ್ಟೋ ಕಾಲವಾಗಿದೆ. ಇನ್ನೊಬ್ಬರು ದೊಡ್ಡ ಆಲದಮರ ಅಂದರು. ಮರ ಹೋಗಿ ಅಲ್ಲಿ ಮೆಟ್ರೋ ಕಂಬ ಬಂದಿದೆ. ಮಗದೊಬ್ಬರು "ನಮ್ಮ ಶಿಫ್ಟ್ ಬಸ್ ತಿರುಗೋ ಕಡೆ" ಅಂದರು. ಹುಡುಗ ಮೊಬೈಲ್ ಮ್ಯಾಪ್‌ನಲ್ಲಿ ಹುಡುಕಿ ಸೋತು, "ನೀವೇ ದಾರಿ ಹೇಳ್ತಾ ಹೋಗಿ, ನಾನು ಓಡಿಸ್ತೀನಿ" ಅಂದ. ಹೇಳಿದೆವು. ಐವತ್ತು ಬಾಯಿ, ಒಂದೇ ಹಳೇ ರೂಟು. ಅದು ಈಗ ಒನ್ ವೇ.

ಕಾನ್‌ಸ್ಟೇಬಲ್ ಅಡ್ಡ ಬಂದರು. ದಂಡ ಯಾರು ಕಟ್ಟಬೇಕು? ಡ್ರೈವರ್ ನಮ್ಮನ್ನು ತೋರಿಸಿದ. ಖಜಾಂಚಿಗಳು ಇಳಿದು, ಬಜೆಟ್‌ನಲ್ಲಿ ಇದಕ್ಕೆ ಅವಕಾಶ ಇಲ್ಲ ಅಂದರು. ಪರ್ಸನಲ್ ಮ್ಯಾನೇಜರ್ ಸಾಹೇಬರು ಅವರ ಹಿಂದೆಯೇ ಇಳಿದು, ಕಾರ್ಮಿಕನ ಮೇಲೆ ಹೊರೆ ಹಾಕುವುದು ಅನ್ಯಾಯ ಅಂದರು. ಡ್ರೈವರ್ ಕಣ್ಣು ಕಣ್ಣು ಬಿಟ್ಟ. ಹಿಂದೆ ಹಾರ್ನ್ ಜೋರಾಯಿತು. ಕೊನೆಗೆ ಖಜಾಂಚಿಗಳು ಗೊಣಗುತ್ತಾ ದುಡ್ಡು ಎಣಿಸಿದರು. ಕಾನ್‌ಸ್ಟೇಬಲ್ ಕೈಯಲ್ಲಿದ್ದ ಯಂತ್ರದಿಂದ ಚೀಟಿ ಹರಿದು ಕೊಟ್ಟು, ಬೇಗ ಹೊರಡಿ ಅಂತ ಕೈ ಬೀಸಿದರು. ಪರ್ಸನಲ್ ಸಾಹೇಬರು ಬೀದಿ ದೀಪದ ಕೆಳಗೆ ಚೀಟಿ ಹಿಡಿದು, ಕನ್ನಡಕ ಏರಿಸಿ, ಪೂರ್ತಿ ಓದಿದರು. ಆಮೇಲೆ ಕೇಳಿದರು, "ಇದರ ಡೂಪ್ಲಿಕೇಟ್ ಕಾಪಿ?"