ರಾಜಧಾನಿಗೆ ರಾಕೆಟ್ ಬಿಟ್ಟ ಪ್ರಧಾನಿ

ಪ್ರಧಾನಿಯಾದವರು ರಾಜಧಾನಿಯಲ್ಲಿ ಕೂತು ಆಳುವುದು ವಾಡಿಕೆ. ಅಫ್ಘಾನಿಸ್ತಾನದ ಗುಲ್ಬುದ್ದೀನ್ ಹೆಕ್ಮತ್ಯಾರ್ ಸಾಹೇಬರಿಗೆ ಅದು ಹಿಡಿಸಲಿಲ್ಲ. ಅವರು ಊರಾಚೆ ಕೂತು ರಾಜಧಾನಿಯ ಮೇಲೆ ರಾಕೆಟ್ ಬಿಟ್ಟರು.

1992ರ ಏಪ್ರಿಲ್‌ನಲ್ಲಿ ಸೋವಿಯತ್ ನೆರವಿನಿಂದ ನಿಂತಿದ್ದ ನಜೀಬುಲ್ಲಾ ಸರ್ಕಾರ ಬಿತ್ತು. ಅದರ ವಿರುದ್ಧ ಹೋರಾಡಿದ್ದ ಮುಜಾಹಿದೀನ್ (ಇಸ್ಲಾಮಿ ಬಂಡುಕೋರ) ಪಕ್ಷಗಳ ನಾಯಕರು ಪಾಕಿಸ್ತಾನದ ಪೇಶಾವರದಲ್ಲಿ ಸೇರಿ ಕುರ್ಚಿ ಹಂಚಿಕೊಂಡರು. 2 ತಿಂಗಳು ಮುಜದ್ದಿದಿ ಅಧ್ಯಕ್ಷ, ಆಮೇಲೆ 4 ತಿಂಗಳು ರಬ್ಬಾನಿ. ಪ್ರಧಾನಿ ಪಟ್ಟ ಹೆಕ್ಮತ್ಯಾರ್ ಪಕ್ಷಕ್ಕೆ, ರಕ್ಷಣಾ ಖಾತೆ ಅವರ ಬದ್ಧವೈರಿ, ರಬ್ಬಾನಿ ಪಕ್ಷದ ಸೇನಾನಿ ಮಸೂದ್‌ಗೆ. ಎಂಥಾ ಜಾಣ ಹಂಚಿಕೆ ಅಲ್ವಾ? ಇನ್ನು 4 ತಿಂಗಳಿಗೆಂದು ಬಂದ ರಬ್ಬಾನಿ, ವಿಶ್ವಸಂಸ್ಥೆಯ ಲೆಕ್ಕದಲ್ಲಿ 2001ರ ಡಿಸೆಂಬರ್‌ವರೆಗೂ ಅಧ್ಯಕ್ಷರೇ. ಬಾಡಿಗೆಗೆ ಮನೆ ಕೊಟ್ಟವರಿಗೆ ಈ ಸಂಕಟ ಚೆನ್ನಾಗಿ ಗೊತ್ತು.

ಹೆಕ್ಮತ್ಯಾರ್ ಮೊದಲು ಪ್ರಧಾನಿ ಕುರ್ಚಿ ಬೇಡ ಅಂದರು. ಅವರ ಪಕ್ಷದ ಫರೀದ್ ಕಾಬೂಲಿಗೆ ಬಂದು ಪ್ರಧಾನಿಯಾದರು. ಆಗಸ್ಟ್‌ನಲ್ಲಿ ಅದೇ ಕಾಬೂಲಿನ ಮೇಲೆ ಅವರ ನಾಯಕರ ರಾಕೆಟ್‌ಗಳು ಸುರಿದವು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಯಾರಿಗೂ ಖಾತೆ ಹಂಚಿಕೆಯಲ್ಲಿ ಪಾಲಿರಲಿಲ್ಲ.

ಇಷ್ಟೊಂದು ರಾಕೆಟ್ ಬಿಟ್ಟವರನ್ನು ಏನು ಮಾಡಬೇಕು? ಪ್ರಧಾನಿ ಮಾಡಬೇಕು. 1993ರ ಮಾರ್ಚ್‌ನಲ್ಲಿ ಇಸ್ಲಾಮಾಬಾದ್‌ನಲ್ಲಿ ಹಾಗೆಂದೇ ಒಪ್ಪಂದವಾಯಿತು. ಮಸೂದ್ ರಕ್ಷಣಾ ಖಾತೆ ಬಿಟ್ಟರು. ನಾಯಕರೆಲ್ಲ ಮೆಕ್ಕಾಗೆ ಹೋಗಿ ದೇವರ ಎದುರೇ ಮಾತು ಕೊಟ್ಟು ಬಂದರು. ಹೊಸ ಪ್ರಧಾನಿಗೆ ಮಾತ್ರ ಕಾಬೂಲಿನೊಳಗೆ ಕಾಲಿಡಲು ಭಯ. ಎಷ್ಟೆಂದರೂ ರಾಕೆಟ್ ಬೀಳುವ ಊರು! ಹಾಗಾಗಿ ನಗರದ ದಕ್ಷಿಣಕ್ಕಿದ್ದ ಚಾರಾಸ್ಯಾಬ್‌ನ ತಮ್ಮ ಸೇನಾ ನೆಲೆಯಲ್ಲೇ ಸಂಪುಟ ಸಭೆ ನಡೆಸಿದರು.

ಈ ಕಥೆಯಲ್ಲಿ ನನ್ನ ಮೆಚ್ಚಿನ ಪಾತ್ರ ಜನರಲ್ ದೋಸ್ತುಂ. ಮೊದಲು ನಜೀಬುಲ್ಲಾನ ಜನರಲ್. ಅಲ್ಲಿ ಮುಳುಗುವ ಲಕ್ಷಣ ಕಂಡ ಕೂಡಲೇ ಮಸೂದ್ ಕಡೆಗೆ ಬಂದು, ಇಬ್ಬರೂ ಸೇರಿ ಹೆಕ್ಮತ್ಯಾರ್ ಪಡೆಯನ್ನು ಕಾಬೂಲಿನಿಂದ ಓಡಿಸಿದರು. 1994ರ ಜನವರಿ 1ರಂದು ಅದೇ ಹೆಕ್ಮತ್ಯಾರ್ ಜೊತೆ ಸೇರಿ ಮಸೂದ್ ಮೇಲೆ ಬಿದ್ದರು. ಹೊಸ ವರ್ಷಕ್ಕೆ ಹೊಸ ಗೆಳೆಯ! ಮಝಾರಿಯವರ ವಹ್ದತ್ ಎಂಬ ಹಝಾರಾ ಸಮುದಾಯದ ಪಕ್ಷವೂ ಜೊತೆಗೂಡಿತು, ಮಾಜಿ ಅಧ್ಯಕ್ಷ ಮುಜದ್ದಿದಿಯೂ ಬಂದರು. ಮಾಜಿ ಅಧ್ಯಕ್ಷರೂ ಹಾಲಿ ಪ್ರಧಾನಿಯೂ ಕೂಡಿ ಹಾಲಿ ಅಧ್ಯಕ್ಷರ ಮೇಲೆ ಯುದ್ಧ ಸಾರಿದ ಈ ಕೂಟಕ್ಕೆ ಸಮನ್ವಯ ಮಂಡಳಿ ಅಂತ ಹೆಸರು. ಶತ್ರು ಯಾರು, ಮಿತ್ರ ಯಾರು ಎಂದು ಕಾಬೂಲಿನ ಜನ ದಿನವೂ ವಿಚಾರಿಸಿಕೊಂಡೇ ಮನೆಯಿಂದ ಹೊರಬೀಳಬೇಕಿತ್ತು.

1995ರಲ್ಲಿ ತಾಲಿಬಾನ್ ಬಂದು ಹೆಕ್ಮತ್ಯಾರ್ ಅವರನ್ನು ಚಾರಾಸ್ಯಾಬ್‌ನಿಂದ ಓಡಿಸಿತು. ನೆಲೆ ಹೋಯಿತು, ರಬ್ಬಾನಿ ಜೊತೆ ಮತ್ತೆ ಗೆಳೆತನ ಶುರುವಾಯಿತು. 1996ರ ಜೂನ್‌ನಲ್ಲಿ ಅವರು ಕಾಬೂಲಿಗೇ ಬಂದು ಇನ್ನೊಮ್ಮೆ ಪ್ರಧಾನಿಯಾದರು. ತಾಲಿಬಾನ್ ಊರ ಬಾಗಿಲಲ್ಲೇ ಇತ್ತು. ಪ್ರಧಾನಿಯವರ ತುರ್ತು ಕೆಲಸ? ಸಿನಿಮಾ ಮಂದಿರಗಳಿಗೆ ಬೀಗ, ರೇಡಿಯೊದಲ್ಲಿ ಹಾಡು ಬಂದ್. ಸೆಪ್ಟೆಂಬರ್ 27ಕ್ಕೆ ತಾಲಿಬಾನ್ ಕಾಬೂಲ್ ಹಿಡಿಯಿತು. ಪಾಪ, ಅರ್ಧ ಕೆಲಸ ಆಗಲೇ ಮುಗಿದಿತ್ತು. ಮುಂದಿನ ತಿಂಗಳೇ ಮಸೂದ್, ದೋಸ್ತುಂ ಮತ್ತೆ ಕೈಕುಲುಕಿದರು.

ಹೆಕ್ಮತ್ಯಾರ್ 2016ರಲ್ಲಿ ಆಗಿನ ಅಫ್ಘಾನ್ ಸರ್ಕಾರದ ಜೊತೆ ಇನ್ನೊಂದು ಒಪ್ಪಂದಕ್ಕೆ ಒಪ್ಪಿ, ಮರುವರ್ಷ ಕಾಬೂಲಿಗೆ ಮರಳಿದರು. 2019ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತು, ರಾಕೆಟ್ ತಿಂದ ಅದೇ ಊರಲ್ಲಿ ವೋಟು ಕೇಳಿದರು. ಮೂರನೇ ಸ್ಥಾನ ಬಂತು.