ಬೇಕಾದ್ದು ಗುಜರಿಗೆ, ಬ್ಯಾಡಾದ್ದು ಗಾಡಿಗೆ

"ಉಸ್ತಾದ್, ಇದೇನ್ರಿ ಇದು?"

"ವಾಲ್ ರೀ ಅದು. ನಮ್ ಬಿಸಿಲಿಗೆ ಬೇಕಾಗಂಗಿಲ್ಲ. ಒಗೀರಿ ಅತ್ತಾಗ."

ಬಳ್ಳಾರಿ, ಕೊಪ್ಪಳ, ರಾಯಚೂರು, ಈ ಮೂರೂ ಊರಿನ ಬೈಪಾಸ್ ಪಕ್ಕದ ಯಾವ ತಗಡಿನ ಶೆಡ್ಡಿನ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಬಿದ್ದಾಗಲೆಲ್ಲ ಮೈ ಉರಿಯುತ್ತದೆ. ಹಳೆಯ ಡೀಸೆಲ್ ಪಿಕಪ್ಪಿನಿಂದ ಒಂದು ಸಾಮಾನು ಕಳಚಿ ಒಗೆಯುವುದರಲ್ಲಿ ನಮ್ಮ ಸೀಮೆಯವರಿಗೆ ಇಷ್ಟೊಂದು ಸುಖ ಯಾಕೋ!

ಮೊದಲು ಒಗೆಸಿಕೊಂಡವುಗಳ ಕಥೆ. ರೇಡಿಯೇಟರ್ ಹಿಂದಿನ ಫ್ಯಾನ್ ಕವರ್ ಒಡೆದರೆ ಹೊಸದು ಹಾಕುವವರು ಕಡಿಮೆ. "ಈಗ ಗಾಳಿ ಚಲೋ ಆಡ್ತೈತಿ" ಅನ್ನುತ್ತಾರೆ. ಆಡುತ್ತದೆ, ನಿಜ. ಆದರೆ ರೇಡಿಯೇಟರ್ ಹಾದು ಬರುವುದಿಲ್ಲ, ಫ್ಯಾನಿನ ಅಂಚಿನಲ್ಲೇ ಸುತ್ತು ಹಾಕುತ್ತದೆ. ಗಾಡಿ ಓಡುತ್ತಿರುವಾಗ ಇದು ಗೊತ್ತಾಗದು. ಎಪಿಎಂಸಿ ಗೇಟಿನಲ್ಲಿ ಮೆಣಸಿನಕಾಯಿ ಚೀಲ ಹೇರಿಕೊಂಡು ಅರ್ಧ ಗಂಟೆ ಸಾಲಿನಲ್ಲಿ ನಿಂತಾಗ ಹೀಟ್ ತೋರಿಸುವ ಮುಳ್ಳು ಮೇಲೇರುತ್ತದೆ, ಆಗ ಬೈಗುಳ ರೇಡಿಯೇಟರಿಗೆ.

ಏರ್ ಫಿಲ್ಟರಿನ ಒಳಗೆ ಇನ್ನೊಂದು ಸಣ್ಣ ಫಿಲ್ಟರ್ ಇರುವ ಗಾಡಿಗಳಲ್ಲಿ ಅದೂ ಮಾಯ. "ಒಂದು ಸಾಕ್ರಿ, ಎಳಿಯೂದು ಕಮ್ಮಿ ಆಗ್ತೈತಿ." ಸಂಡೂರಿನ ಅದಿರು ಲಾರಿಗಳ ಹಿಂದೆ ಓಡಾಡುವ ಗಾಡಿಯ ಫಿಲ್ಟರ್ ಡಬ್ಬಿ ಬಿಚ್ಚಿ ಬೆರಳಾಡಿಸಿದರೆ ಉಗುರಿನ ಸಂದಿಯೂ ಕೆಂಪಾಗುತ್ತದೆ. ಹೊರಗಿನ ಕಾಗದದ ಫಿಲ್ಟರಿಗೆ ಪಂಕ್ಚರ್ ಅಂಗಡಿಯ ಗಾಳಿಯನ್ನು ಪೂರ್ತಿ ಜೋರಿನಲ್ಲಿ ಹೊರಗಿನಿಂದಲೇ ಬಿಡುತ್ತಾರೆ. ಧೂಳು ಕಾಗದದೊಳಗೆ ಇನ್ನಷ್ಟು ಕೂರುತ್ತದೆ, ಕಾಗದ ಹರಿಯುತ್ತದೆ. ಗಾಳಿ ಬಿಡಬೇಕಾದದ್ದು ಒಳಗಿನಿಂದ ಹೊರಗೆ, 30 ಪೌಂಡಿಗಿಂತ ಕಡಿಮೆ ಒತ್ತಡದಲ್ಲಿ, ಒಂದು ಗೇಣು ದೂರದಿಂದ. ಆಮೇಲೆ ಕತ್ತಲೆಯಲ್ಲಿ ಫಿಲ್ಟರಿನೊಳಗೆ ಬ್ಯಾಟರಿ ದೀಪ ಇಟ್ಟು ನೋಡಿ. ಎಲ್ಲಾದರೂ ಚುಕ್ಕೆಯಷ್ಟು ಬೆಳಕು ನೇರವಾಗಿ ಕಂಡರೆ ಆ ಫಿಲ್ಟರ್ ಮುಗಿಯಿತು.

ಇನ್ನು ಆ ವಾಲ್, ಅಂದರೆ ಥರ್ಮೋಸ್ಟಾಟ್. ರಾಯಚೂರಿನ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ನಮಗೆ ಜೀವ ಹೋಗುತ್ತದೆ. ಎಂಜಿನ್ನಿಗೆ ಮಾತ್ರ ಅದು ಚಳಿ. ಅದಕ್ಕೆ ಬೇಕಾದದ್ದು 80ರಿಂದ 90. ಅಷ್ಟು ಬರುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವುದಷ್ಟೇ ವಾಲಿನ ಕೆಲಸ. ಅದನ್ನು ಕಿತ್ತರೆ ಖಾಲಿ ಗಾಡಿ ದಿನವಿಡೀ ಅರೆಬಿಸಿಯಲ್ಲೇ ಓಡುತ್ತದೆ. ಸರಿಯಾಗಿ ಉರಿಯದ ಡೀಸೆಲ್ ಪಿಸ್ಟನ್ ರಿಂಗ್ ದಾಟಿ ಆಯಿಲ್ ಸೇರುತ್ತದೆ, ಸಿಲಿಂಡರಿನ ಬೋರು ಸವೆಯುತ್ತದೆ, ಮೈಲೇಜ್ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ತಾನಾಗಿ ಏರಿದ್ದು ಕಂಡರೆ ಖುಷಿ ಪಡಬೇಡಿ, ಏರಿದ್ದು ಆಯಿಲ್ ಅಲ್ಲ.

ಇದರಲ್ಲೊಂದು ತಮಾಷೆ ಇದೆ. ಹೀಟ್ ಆಗಬಾರದು ಎಂದು ವಾಲ್ ಕಿತ್ತ ಗಾಡಿಯೇ ಕುಮಾರಸ್ವಾಮಿ ಗುಡ್ಡಕ್ಕೆ ಲೋಡ್ ಹತ್ತಿಸುವಾಗ ಹೆಚ್ಚು ಹೀಟ್ ಆಗುತ್ತದೆ. ಎಷ್ಟೋ ಎಂಜಿನ್ನುಗಳಲ್ಲಿ ಬಿಸಿನೀರು ರೇಡಿಯೇಟರ್ ಮುಟ್ಟದೆ ಸೀದಾ ಪಂಪಿಗೆ ಮರಳುವ ಒಂದು ಅಡ್ಡದಾರಿ ಇರುತ್ತದೆ. ವಾಲ್ ಪೂರ್ತಿ ತೆರೆದಾಗ ಅದರ ಕೆಳಗಿನ ಬಿಲ್ಲೆ ಆ ದಾರಿಯನ್ನು ಮುಚ್ಚುತ್ತದೆ. ವಾಲೇ ಇಲ್ಲದಿದ್ದರೆ ಅಡ್ಡದಾರಿ ಸದಾ ತೆರೆದಿರುತ್ತದೆ, ಒಂದಷ್ಟು ನೀರು ತಣ್ಣಗಾಗದೆ ಒಳಗೊಳಗೇ ತಿರುಗುತ್ತದೆ.

ವಾಲ್ ಕೆಟ್ಟಿದೆಯೋ ಇಲ್ಲವೋ ನೋಡಲು ಅಡುಗೆಮನೆ ಸಾಕು, ಮನೆಯವರು ಬಿಟ್ಟರೆ. ಹಳೆ ಪಾತ್ರೆಯಲ್ಲಿ ನೀರು ಹಾಕಿ, ವಾಲನ್ನು ದಾರಕ್ಕೆ ಕಟ್ಟಿ ತಳ ಮುಟ್ಟದಂತೆ ತೂಗುಬಿಟ್ಟು ಕಾಯಿಸಿ. ಅದರ ಮೇಲೆ 82 ಎಂದು ಒತ್ತಿದ್ದರೆ ಆಸುಪಾಸಿನಲ್ಲೇ ಬಾಯಿ ಬಿಡಬೇಕು. ಪೂರ್ತಿ ತೆರೆಯಲು ಇನ್ನೊಂದು ಹತ್ತು ಹದಿನೈದು ಡಿಗ್ರಿ ಬೇಕು. ಹೊರಗೆ ತೆಗೆದರೆ ಸಂದಿಲ್ಲದೆ ಮುಚ್ಚಿಕೊಳ್ಳಬೇಕು. ಕೂರಿಸುವಾಗ ಸ್ಪ್ರಿಂಗ್ ಇರುವ ಕಡೆ ಎಂಜಿನ್ನಿನತ್ತ, ಅಲ್ಲಾಡುವ ಪುಟ್ಟ ಪಿನ್ ಇದ್ದರೆ ಅದು ಮೇಲಕ್ಕೆ. ಹೊಸ ವಾಲ್ ಹಾಕಿದ ಮೇಲೇ ಹೀಟ್ ಶುರುವಾಯಿತು ಎನ್ನುವ ದೂರುಗಳಲ್ಲಿ ಹಲವು ತಿರುವುಮುರುವು ಕೂರಿಸಿದವು, ಇಲ್ಲವೆ ಒಳಗೆ ಗಾಳಿ ಉಳಿದವು. ಕ್ಯಾಪ್ ತೆಗೆದಿಟ್ಟು ನಿಧಾನ ನೀರು ತುಂಬಿ, ಎಂಜಿನ್ ಓಡಿಸಿ, ಮೇಲಿನ ಹೋಸ್ ಒಮ್ಮೆಲೇ ಬಿಸಿಯಾಗುವವರೆಗೆ ಕಾದು, ಇಳಿದಷ್ಟನ್ನು ಮತ್ತೆ ತುಂಬಿಸಬೇಕು.

ತುಂಬಿಸುವ ನೀರು ಯಾವುದು ಎಂದು ಕೇಳಬಾರದು, ಕೇಳಿದರೆ ಜಗಳವಾಗುತ್ತದೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂದು ಗೊಣಗುವವರೇ ಅದನ್ನು ಕೊಡಗಟ್ಟಲೆ ರೇಡಿಯೇಟರಿಗೆ ಸುರಿಯುತ್ತಾರೆ. ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ, ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಆ ನೀರಿಗೆ ಸಮ ಅಳತೆಯ ಕೂಲೆಂಟ್ ಬೆರೆಸಿದರೆ ಉಪ್ಪು ಕಟ್ಟುವ ತಾಪತ್ರಯ ಬಹಳ ತಗ್ಗುತ್ತದೆ. ಡಬ್ಬಿಯ ಮೇಲೆ ರೆಡಿ ಮಿಕ್ಸ್ ಎಂದಿದ್ದರೆ ನೀರು ಬೆರೆಸುವಂತಿಲ್ಲ, ಅಷ್ಟೆ.

ಇದೆಲ್ಲಕ್ಕಿಂತ ಸಿಟ್ಟು ಬರಿಸುವ ಸಂಗತಿ ಇನ್ನೊಂದಿದೆ. ಇಷ್ಟೆಲ್ಲ ಒಗೆಯುವ ಕೈಗಳು ನಿಜಕ್ಕೂ ಒಗೆಯಬೇಕಾದ ಒಂದೇ ಒಂದು ಸಾಮಾನನ್ನು ಎಂದೂ ಒಗೆಯುವುದಿಲ್ಲ. ಅದು ಡೀಸೆಲ್ ಲೈನಿನ ತಾಮ್ರದ ವಾಷರ್.

ಬೆಳಿಗ್ಗೆ ಸೆಲ್ಫ್ ಹೊಡೆದೇ ಹೊಡೆಯುತ್ತಾರೆ, ಓಣಿಗೆಲ್ಲ ಎಚ್ಚರ, ಗಾಡಿಗೆ ಮಾತ್ರ ಇಲ್ಲ. "ಏರ್ ಹಿಡಿದೈತಿ" ಎಂದು ತೀರ್ಪು ಬರುತ್ತದೆ. ಯಾರೋ ಡೀಸೆಲ್ ಲೈನಿನ ಹ್ಯಾಂಡ್ ಪಂಪ್ ಒತ್ತುತ್ತಾರೆ, ಚಾಲೂ ಆಗುತ್ತದೆ. ಮಾರನೆಯ ದಿನ ಮತ್ತೆ ಅದೇ. ಏರ್ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ ಹೋಗುವುದು ಹೀರುವಿಕೆಯಿಂದ. ಎಳನೀರಿಗೆ ಹಾಕಿದ ಸ್ಟ್ರಾಗೆ ಮಧ್ಯದಲ್ಲೊಂದು ಸೂಜಿತೂತು ಬಿದ್ದರೆ ಹೊರಗೆ ಹನಿ ಬೀಳುವುದಿಲ್ಲ, ಬಾಯಿಗೆ ಗಾಳಿ ಬರುತ್ತದೆ, ಇಲ್ಲೂ ಅದೇ. ಫೀಡ್ ಪಂಪ್ ದಾಟಿದ ಮೇಲೆ ಒತ್ತಡವಿರುತ್ತದೆ, ಅಲ್ಲಿ ಸಡಿಲವಿದ್ದರೆ ಡೀಸೆಲ್ ಹೊರಗೆ ಬರುತ್ತದೆ. ಆದ್ದರಿಂದ ಒದ್ದೆಯಾದ ಜಾಯಿಂಟ್ ಮುಂದಿನದು, ಒಣಗಿದ್ದೂ ಏರ್ ಎಳೆಯುವ ಜಾಯಿಂಟ್ ಹಿಂದಿನದು. ಅನುಮಾನವಿದ್ದರೆ ಎರಡು ಲೀಟರಿನ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ ಎಂಜಿನ್ನಿಗಿಂತ ಎತ್ತರಕ್ಕೆ ತೂಗುಹಾಕಿ, ಟ್ಯಾಂಕಿನ ಪೈಪ್ ಕಳಚಿ ಫೀಡ್ ಪಂಪಿಗೆ ಕ್ಯಾನಿನ ಪೈಪ್ ಕೊಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಒಂದೇ ಸಲಕ್ಕೆ ಚಾಲೂ ಆದರೆ ರೋಗ ಟ್ಯಾಂಕಿನ ಕಡೆಯದು: ಬಿರುಕು ಬಿಟ್ಟ ರಬ್ಬರ್ ಪೈಪ್, ಸಡಿಲ ಕ್ಲಿಪ್, ಇಲ್ಲವೆ ಈ ವಾಷರ್.

ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ಇನ್ಜೆಕ್ಟರುಗಳಿಗೆ ಒತ್ತಡ ಕೊಡುವ ಪಂಪಿಗೆ ನಮ್ಮ ಕಡೆ ಈಗಲೂ ಮೈಕೋ ಪಂಪ್ ಅಂತಲೇ ಹೆಸರು. 1951ರಲ್ಲಿ ಶುರುವಾದ, ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡದ್ದು ಶೆಡ್ಡುಗಳಿಗೆ ತಲುಪಿಲ್ಲ, ತಲುಪುವ ಅಗತ್ಯವೂ ಇಲ್ಲ. ಕೂದಲೆಳೆಗಿಂತ ಸಣ್ಣ ಸಂದಿಯಲ್ಲಿ ಓಡುವ ಲೋಹಗಳು ಆ ಪಂಪಿನಲ್ಲಿವೆ. ಅದಕ್ಕೆ ಹೋಗುವ ಪೈಪನ್ನು ಹಿಡಿದಿಡುವ ಟೊಳ್ಳು ಬೋಲ್ಟಿಗೆ, ಅಂದರೆ ಬಾಂಜೋ ಬೋಲ್ಟಿಗೆ, ವರ್ಷಗಟ್ಟಲೆ ಹಿಂದಿನ ವಾಷರ್, ಅದರ ಮೇಲೆ ನಲ್ಲಿಗೆ ಸುತ್ತುವ ಬಿಳಿ ಟೇಪು! ಆ ಟೇಪಿನ ಎಳೆ ಹರಿದು ಒಳಗೆ ಹೋದರೆ ಮುಂದಿನ ಬಿಲ್ಲಿಗೆ ಸೊನ್ನೆಗಳು ಜಾಸ್ತಿ.

ವಾಷರ್ ತಾಮ್ರದ್ದೇ ಯಾಕೆ? ಅದು ಮೆತ್ತಗಿರುತ್ತದೆ, ಬಿಗಿದಾಗ ಎರಡೂ ಕಡೆಯ ಗೀರುಗಳಿಗೆ ತಾನೇ ಒತ್ತಿಕೊಂಡು ಕೂರುತ್ತದೆ. ಒಮ್ಮೆ ಒತ್ತಿಸಿಕೊಂಡ ತಾಮ್ರ ಗಟ್ಟಿಯಾಗುತ್ತದೆ, ಎರಡನೆಯ ಸಲ ಒತ್ತಿಕೊಳ್ಳುವುದಿಲ್ಲ. ಹೊಸದು ಕೆಲವೇ ರೂಪಾಯಿ. ತಾವರಗೇರಾದಲ್ಲಿ ರಾತ್ರಿ ಎಂಟಕ್ಕೆ ಎಲ್ಲಿ ತರಲಿ ಎನ್ನುವವರಿಗೆ ದಾರಿ ಇದೆ. ಹಳೆಯದನ್ನು ಡೀಸೆಲ್ಲಿನಲ್ಲಿ ತೊಳೆದು, ಪೂರ್ತಿ ಒರೆಸಿ ಒಣಗಿಸಿ, ಗಾಡಿಯಿಂದ ದೂರದ ಗ್ಯಾಸ್ ಒಲೆಯ ಮೇಲೆ ತಂತಿಯಲ್ಲಿ ಹಿಡಿದು ಮಂದ ಕೆಂಪಾಗುವ ತನಕ ಕಾಯಿಸಿ, ಸೀದಾ ನೀರಿಗೆ ಹಾಕಿ. ಕಬ್ಬಿಣ ನೋಡಿದವರಿಗೆ ಇದು ತಲೆಕೆಳಗು ಅನಿಸುತ್ತದೆ, ಯಾಕೆಂದರೆ ಉಕ್ಕನ್ನು ಹಾಗೆ ಅದ್ದಿದರೆ ಗಟ್ಟಿಯಾಗುತ್ತದೆ. ತಾಮ್ರ ಮೆತ್ತಗಾಗುವುದು ಕಾಯಿಸಿದ್ದಕ್ಕೆ, ಅದ್ದಿದ್ದರಿಂದ ಅದಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ, ಕೈ ಸುಡುವುದಿಲ್ಲ ಅಷ್ಟೆ. ಮೇಲೆ ಕೂತ ಕಪ್ಪನ್ನು ನುಣುಪು ಎಮರಿ ಕಾಗದ ಗಾಜಿನ ಮೇಲಿಟ್ಟು ಉಜ್ಜಿ ತೆಗೆಯಿರಿ. ಎರಡು ಬೆರಳಲ್ಲಿ ಒತ್ತಿದರೆ ತೆಳು ವಾಷರ್ ತುಸು ಬಾಗಬೇಕು. ಅಲ್ಯೂಮಿನಿಯಂ ವಾಷರಿಗೆ ಈ ಉಪಾಯ ಮಾಡಲು ಹೋಗಬೇಡಿ, ಅದು ಕೆಂಪಾಗುವ ಮೊದಲೇ ಕರಗಿ ಬರ್ನರ್ ಸೇರುತ್ತದೆ.

ಇನ್ಜೆಕ್ಟರ್ ಕೆಳಗಿನ ವಾಷರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ, ಪ್ರತಿ ಸಲ ಹೊಸದು, ಕಂಪನಿ ಹೇಳಿದ ದಪ್ಪದ್ದೇ. ಇನ್ಜೆಕ್ಟರಿನ ತುದಿ, ಅಂದರೆ ನಾಝಲ್, ಎಷ್ಟು ಒಳಗೆ ಚಾಚಬೇಕು ಎಂದು ತೀರ್ಮಾನಿಸುವುದು ಆ ದಪ್ಪ. "ಲೀಕ್ ಐತಿ, ಎರಡು ಹಾಕಿವಿ ಅಣ್ಣಾ" ಎಂದರೆ ನಾಝಲ್ ಹಿಂದೆ ಸರಿಯಿತು, ಸಿಂಪಡಿಕೆ ಜಾಗ ತಪ್ಪಿತು, ಕಪ್ಪು ಹೊಗೆ ಶುರು. ಕೆಲವೊಮ್ಮೆ ಬೇಕಂತ ಎರಡು ಹಾಕಿರುವುದಿಲ್ಲ. ಹಳೆಯದು ತೂತಿನ ತಳಕ್ಕೆ ಅಂಟಿ ಕೂತಿರುತ್ತದೆ, ಅದರ ಮೇಲೆ ಹೊಸದು ಬೀಳುತ್ತದೆ. ಬ್ಯಾಟರಿ ಬೆಳಕು ಬಿಟ್ಟು ಒಳಗೆ ನೋಡಲು ಎಷ್ಟು ಹೊತ್ತು ಬೇಕು?

ವಾಷರ್ ಬದಲಾದ ಮೇಲೆ ಏರ್ ತೆಗೆಯುವ ಕೆಲಸ. ಫಿಲ್ಟರಿನ ಮೇಲಿನ ಸ್ಕ್ರೂ ಒಂದೂವರೆ ಸುತ್ತು ಸಡಿಲಿಸಿ, ಗುಳ್ಳೆ ನಿಂತು ಡೀಸೆಲ್ ಒಂದೇ ಧಾರೆಯಲ್ಲಿ ಬರುವ ತನಕ ಹ್ಯಾಂಡ್ ಪಂಪ್ ಒತ್ತಿ, ಪಂಪ್ ನಿಲ್ಲಿಸುವ ಮೊದಲೇ ಸ್ಕ್ರೂ ಬಿಗಿಯಿರಿ. ಆಮೇಲೆ ಮೈಕೋ ಪಂಪಿನ ಮೇಲಿನ ಸ್ಕ್ರೂ, ಅದೇ ರೀತಿ. ಇಷ್ಟಕ್ಕೂ ಏಳದಿದ್ದರೆ ಇನ್ಜೆಕ್ಟರ್ ಕಡೆಯ ಪೈಪಿನ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಬಹುಪಾಲು ಗಾಡಿಗಳಲ್ಲಿ ಅದಕ್ಕೆ ಹದಿನೇಳರ ಪಾನಾ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ, ನಡುವೆ ಅರ್ಧ ನಿಮಿಷ ಬಿಡುವು ಕೊಡಿ, ಇಲ್ಲದಿದ್ದರೆ ಏರ್ ಹೋಗುವ ಮೊದಲು ಸೆಲ್ಫ್ ಮೋಟಾರು ಹೋಗುತ್ತದೆ. ನಟ್ಟಿನ ಬಳಿ ಡೀಸೆಲ್ ಚಿಮ್ಮಿದ ಕೂಡಲೇ ಬಿಗಿಯಿರಿ. ಎಂಜಿನ್ ಓಡುವಾಗ ಆ ಪೈಪುಗಳ ಮುಂದೆ ಕೈ ಅಡ್ಡ ಇಟ್ಟು ಲೀಕ್ ಹುಡುಕುವ ಶೂರರಿದ್ದಾರೆ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಹೊರಗೆ ಸಣ್ಣ ಚುಕ್ಕೆ ಕಂಡರೂ ಕೈಯನ್ನೇ ಕಳೆದುಕೊಳ್ಳುವ ಪ್ರಸಂಗ ಅದು. ರಟ್ಟಿನ ತುಂಡು ಹಿಡಿಯಿರಿ.

ಕೊನೆಗೆ ಫೀಡ್ ಪಂಪ್ ದಾಟಿದ ಮೇಲಿನ ಬಾಂಜೋ ಬೋಲ್ಟುಗಳನ್ನು ಒಣಗುವಂತೆ ಒರೆಸಿ, ಎಂಜಿನ್ ಆಫ್ ಮಾಡಿ, ಒಂದೊಂದಕ್ಕೂ ಪೇಪರ್ ಚೂರು ಸುತ್ತಿ ಹ್ಯಾಂಡ್ ಪಂಪ್ ಒತ್ತಿ ನೋಡಿ. ಪೇಪರ್ ಒದ್ದೆಯಾದರೆ ಇನ್ನೊಂದು ಕಾಲು ಸುತ್ತು ಬಿಗಿಯೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಆ ಬೋಲ್ಟಿನ ಒಳಗೆ ಟೊಳ್ಳು, ಪಕ್ಕದಲ್ಲಿ ತೂತು, ಕಾಲು ಸುತ್ತಿಗೆ ಕತ್ತು ಕಳಚಿಕೊಳ್ಳುತ್ತದೆ. ಭಾನುವಾರ ಸಂಜೆ ಆ ಅಳತೆಯ ಬೋಲ್ಟ್ ಕೊಪ್ಪಳದಲ್ಲೂ ಸಿಗುವುದಿಲ್ಲ, ಗಂಗಾವತಿಯಲ್ಲೂ ಸಿಗುವುದಿಲ್ಲ.