ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಮೀನು ಹಿಡಿಯುವುದು ಪೂರ್ತಿ ನಿಷೇಧವೇ? ಒಂದು ಸ್ಪಷ್ಟನೆ

ಆಸ್ಟ್ರೇಲಿಯಾಕ್ಕೆ ಹೊರಟ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: "ಗ್ರೇಟ್ ಬ್ಯಾರಿಯರ್ ರೀಫ್ ಸಾಗರ ಉದ್ಯಾನದಲ್ಲಿ ಎಲ್ಲಿಯೂ ಗಾಳ ಹಾಕುವಂತಿಲ್ಲ." ಇದು ಸರಿಯಲ್ಲ.

ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯ ಈ ಹವಳದ ದಿಬ್ಬಗಳ ಸಾಲಿನಲ್ಲಿ ಸಮುದ್ರವನ್ನು ಬಣ್ಣಗಳ ವಲಯಗಳಾಗಿ ಹಂಚಿದ್ದಾರೆ. ಮೀನುಗಾರಿಕೆ ನಿಷೇಧ ಇರುವುದು ಸುಮಾರು ಮೂರನೇ ಒಂದು ಭಾಗದಲ್ಲಿ. 2004ರ ಜುಲೈನಲ್ಲಿ ಈಗಿನ ವಲಯ ಹಂಚಿಕೆ ಜಾರಿಗೆ ಬರುವ ಮುಂಚೆ ಅದು ಶೇ. 5ಕ್ಕಿಂತ ಕಡಿಮೆ ಇತ್ತು! ಮೀನುಗಳಿಗೆ ನೆಮ್ಮದಿಯಾಗಿ ಮರಿ ಮಾಡಲು ಜಾಗ ಬೇಕು, ಅಲ್ವಾ?

ಹಸಿರು ವಲಯದಲ್ಲಿ ದೋಣಿಯಲ್ಲಿ ಹೋಗಬಹುದು, ಈಜಬಹುದು, ಹವಳ ನೋಡಬಹುದು. ಮೀನು ಮಾತ್ರ ಹಿಡಿಯುವಂತಿಲ್ಲ. ಗಾಳ ಜೊತೆಗಿದ್ದರೆ ಎತ್ತಿ ಒಳಗಿಡಿ. ಹಳದಿ ವಲಯದಲ್ಲಿ ಒಬ್ಬರಿಗೆ ಒಂದೇ ಗಾಳ, ಅದಕ್ಕೆ ಒಂದೇ ಕೊಕ್ಕೆ. ನೀಲಿ ವಲಯಗಳಲ್ಲಿ ಅವಕಾಶ ಜಾಸ್ತಿ, ಆದರೆ ಕಡುನೀಲಿಯಲ್ಲಿ ಟ್ರಾಲ್ ಬಲೆ (ದೋಣಿಯ ಹಿಂದೆ ಎಳೆದುಕೊಂಡು ಹೋಗುವ ದೊಡ್ಡ ಬಲೆ) ಎಳೆಯುವಂತಿಲ್ಲ. ಗುಲಾಬಿ ವಲಯಕ್ಕೆ ಅನುಮತಿ ಇಲ್ಲದೆ ಕಾಲಿಡಲೇಬಾರದು.

"ನೀಲಿ ವಲಯದಲ್ಲಿ ಏನು ಸಿಕ್ಕರೂ ನಮ್ಮದೇ" ಅನ್ನುವುದೂ ತಪ್ಪು. ಮಾವೋರಿ ರ‍್ಯಾಸ್, ಪೊಟ್ಯಾಟೊ ಕಾಡ್‌ನಂಥ ಮೀನುಗಳಿಗೆ ಎಲ್ಲೆಡೆ ರಕ್ಷಣೆ ಇದೆ. ಸಿಕ್ಕಿಬಿದ್ದರೆ ನೋವಾಗದಂತೆ ಬಿಟ್ಟುಬಿಡಿ. ಉಳಿದ ಮೀನುಗಳಿಗೂ ಅಲ್ಲಿನ ರಾಜ್ಯವಾದ ಕ್ವೀನ್ಸ್‌ಲ್ಯಾಂಡ್ ಸರ್ಕಾರದ ಅಳತೆ, ಸಂಖ್ಯೆಯ ಮಿತಿಗಳಿವೆ.

ವಲಯ ನಕ್ಷೆ ಉಚಿತವಾಗಿ ಸಿಗುತ್ತದೆ. ದೋಣಿ ಹತ್ತುವ ಮುಂಚೆ ದಯವಿಟ್ಟು ಒಮ್ಮೆ ನೋಡಿ.